ಒಂದೇ ಕೈನೇಸ್ ಹಿಂದೆ ಹದಿನೈದು ವರ್ಷ ಯಾಕೆ?

ಓದುಗರ ಪ್ರಶ್ನೆ: ಕೆಲವು ವಿಜ್ಞಾನಿಗಳು ಒಂದೇ ಒಂದು ಕೈನೇಸ್ ಹಿಡಿದುಕೊಂಡು ಹತ್ತು-ಹದಿನೈದು ವರ್ಷ ಕೆಲಸ ಮಾಡುತ್ತಾರಂತೆ. ಒಂದು ಪ್ರೋಟೀನ್‌ನಲ್ಲಿ ಕಲಿಯೋದು ಅಷ್ಟೊಂದು ಏನಿರುತ್ತೆ?

ಕೈನೇಸ್ ಮಾಡುವ ಕೆಲಸ ಹೇಳೋಕೆ ಒಂದು ನಿಮಿಷ ಸಾಕು. ಎಟಿಪಿ ಅನ್ನುವ ಅಣುವಿನಿಂದ ಒಂದು ಫಾಸ್ಫೇಟ್ ತುಣುಕು ಕಿತ್ತು ಇನ್ನೊಂದು ಪ್ರೋಟೀನಿಗೆ ಅಂಟಿಸುತ್ತದೆ. ಫಾಸ್ಫೇಟ್‌ಗೆ ನೆಗೆಟಿವ್ ಚಾರ್ಜ್ ಇರುವುದರಿಂದ ಆ ಪ್ರೋಟೀನಿನ ಆಕಾರ ಸ್ವಲ್ಪ ಬದಲಾಗಿ, ಸುಮ್ನೆ ಇದ್ದದ್ದು ಕೆಲಸಕ್ಕೆ ಇಳಿಯಬಹುದು, ಕೆಲಸ ಮಾಡುತ್ತಿದ್ದದ್ದು ನಿಲ್ಲಬಹುದು. ಫಾಸ್ಫಟೇಸ್‌ಗಳು ಆ ತುಣುಕನ್ನು ವಾಪಸ್ ತೆಗೆಯುತ್ತವೆ. ನಮ್ಮಲ್ಲಿ ಇಂಥ ಕೈನೇಸ್‌ಗಳು 500ಕ್ಕೂ ಜಾಸ್ತಿ ಇವೆ. ವರ್ಷಗಟ್ಟಲೆ ಹಿಡಿಯುವುದು ಮುಂದಿನ ಪ್ರಶ್ನೆಗಳು: ಇದು ಯಾರಿಗೆ ಅಂಟಿಸುತ್ತದೆ, ಯಾವಾಗ, ಇದನ್ನು ತಡೆದು ಹಿಡಿಯುವವರು ಯಾರು?

ಇದಕ್ಕೆ ಬ್ರಿಟಿಷ್ ಜೀವವಿಜ್ಞಾನಿ ಪಾಲ್ ನರ್ಸ್ ಅವರ ಕೆಲಸಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. 1970ರ ದಶಕದಲ್ಲಿ ಅವರು ಎಡಿನ್‌ಬರೋದಲ್ಲಿ ಒಂದು ಬಗೆಯ ಯೀಸ್ಟ್ ಸಾಕುತ್ತಿದ್ದರು. ಇದು ಪುಟ್ಟ ಕೋಲಿನ ಥರ ಉದ್ದಕ್ಕೆ ಬೆಳೆಯುತ್ತದೆ, ಸುಮಾರು 14 ಮೈಕ್ರಾನ್ ಆದಾಗ ನಡುವೆ ಗೋಡೆ ಕಟ್ಟಿಕೊಂಡು ಎರಡಾಗುತ್ತದೆ. ಒಂದು ಸಲ ಮೈಕ್ರೋಸ್ಕೋಪಿನಲ್ಲಿ ಅರ್ಧ ಉದ್ದಕ್ಕೇ ಒಡೆಯುವ ಕೋಶಗಳು ಕಂಡವು. ಸ್ಕಾಟ್ಲೆಂಡಿನ ಮಾತಿನಲ್ಲಿ ಪುಟ್ಟದ್ದಕ್ಕೆ 'ವೀ' ಅನ್ನುತ್ತಾರೆ, ಹಾಗಾಗಿ ಆ ಜೀನ್‌ಗೆ ವೀ1 ಅಂತಲೇ ಹೆಸರಾಯಿತು. ಅದು ಕೆಟ್ಟರೆ ಕೋಶ ಬೇಗ ಒಡೆಯುತ್ತದೆ ಅಂದರೆ, ಅದು ಬ್ರೇಕ್ ಅಂತಾಯ್ತು, ಅಲ್ವಾ?

ಆಮೇಲೆ ಅವರು ಇಂಥ ಪುಟ್ಟ ಕೋಶಗಳನ್ನೇ ಹುಡುಕುತ್ತಾ ಹೋದರು. ಸಿಕ್ಕಿದ್ದು ಸುಮಾರು ಐವತ್ತು, ಒಂದನ್ನು ಬಿಟ್ಟು ಎಲ್ಲವೂ ಅದೇ ವೀ1. ಆ ಒಂದು ಇದ್ದ ಪ್ಲೇಟಿಗೆ ಬೂಷ್ಟು ಹಿಡಿದಿತ್ತು, ಬೂಷ್ಟಿನಿಂದ ಯೀಸ್ಟನ್ನು ಬಿಡಿಸುವುದು ತಲೆನೋವು ಅಂತ ಅವರು ಅದನ್ನು ಕಸದ ಬುಟ್ಟಿಗೆ ಹಾಕಿ ಮನೆಗೆ ಹೋಗಿದ್ದರು. ಆದರೆ ಮನಸ್ಸು ತಡೆಯದೆ ಅವತ್ತು ಸಂಜೆಯೇ ವಾಪಸ್ ಬಂದು ಬುಟ್ಟಿಯಿಂದ ಹೆಕ್ಕಿಕೊಂಡರು. ಪರೀಕ್ಷಿಸಿದಾಗ ಅದು ಸಿಡಿಸಿ2 ಅನ್ನುವ, ಮೊದಲೇ ಗೊತ್ತಿದ್ದ ಜೀನ್ ಆಗಿತ್ತು. ವಿಶೇಷ ಇರುವುದೇ ಇಲ್ಲಿ. ಈ ಜೀನ್ ಪೂರ್ತಿ ಕೆಟ್ಟರೆ ಕೋಶ ಒಡೆಯುವುದೇ ಇಲ್ಲ, ಸುಮ್ನೆ ಉದ್ದವಾಗುತ್ತಾ ಹೋಗುತ್ತದೆ ಅಂತ ತಿಳಿದಿತ್ತು. ಈಗ ಅದೇ ಜೀನ್ ಬೇರೆ ಥರ ಬದಲಾದರೆ ಕೋಶ ಅವಸರದಲ್ಲಿ ಒಡೆಯುತ್ತದೆ ಅಂತ ಕಂಡಿತು. ವಿಭಜನೆಗೆ ಬೇಕಾದ ನೂರಾರು ಭಾಗಗಳಲ್ಲಿ ಯಾವುದು ಕೆಟ್ಟರೂ ಕೆಲಸ ನಿಲ್ಲುತ್ತದೆ, ಆದರೆ ವೇಗ ಹೆಚ್ಚಿಸುವುದು ಚುಕ್ಕಾಣಿ ಹಿಡಿದಿರುವ ಭಾಗಕ್ಕೆ ಮಾತ್ರ ಸಾಧ್ಯ.

ಸಿಡಿಸಿ2 ಜೀನ್ ತಯಾರಿಸುವ ಪ್ರೋಟೀನ್ ಒಂದು ಕೈನೇಸ್ ಅಂತ ಆಗಿನ್ನೂ ಅವರಿಗೆ ಗೊತ್ತಿರಲಿಲ್ಲ! ಅದು ಖಚಿತವಾಗಲು 80ರ ದಶಕದ ನಡುಭಾಗ ಬರಬೇಕಾಯಿತು. 1987ರಲ್ಲಿ ನರ್ಸ್ ಮತ್ತು ಮೆಲನಿ ಲೀ ಲಂಡನ್ನಿನಲ್ಲಿ, ಸಿಡಿಸಿ2 ಕೆಟ್ಟು ಒಡೆಯಲಾಗದ ಯೀಸ್ಟಿಗೆ ಮನುಷ್ಯರ ಜೀನ್‌ಗಳನ್ನು ಸೇರಿಸಿ ನೋಡಿದರು. ಒಂದು ಜೀನ್ ಸೇರಿದ ಕೋಶಗಳು ಒಡೆದು ಬೆಳೆಯತೊಡಗಿದವು. ನೂರು ಕೋಟಿ ವರ್ಷಗಳಿಗೂ ಹಿಂದೆ ದಾರಿ ಬೇರೆಯಾದ ಎರಡು ಜೀವಿಗಳು, ಒಂದರ ಕೈನೇಸ್ ಇನ್ನೊಂದರಲ್ಲಿ ಕೆಲಸ ಮಾಡಿತು. ಎಷ್ಟು ಸಲ ಓದಿದರೂ ನನಗೆ ಮೈ ಜುಮ್ ಅನ್ನುತ್ತದೆ.

ಹಳೆಯ ವೀ1 ಕೂಡ ಕೈನೇಸೇ ಅಂತ ತಿಳಿಯಿತು. ಅದು ಸಿಡಿಸಿ2 ಪ್ರೋಟೀನಿನ 15ನೇ ಅಮೈನೋ ಆಮ್ಲಕ್ಕೆ, ಅಂದರೆ ಅಲ್ಲಿರುವ ಟೈರೋಸಿನ್‌ಗೆ, ಫಾಸ್ಫೇಟ್ ಅಂಟಿಸಿ ಅದನ್ನು ಕಟ್ಟಿಹಾಕುತ್ತದೆ. ಸಿಡಿಸಿ25 ಅನ್ನುವ ಫಾಸ್ಫಟೇಸ್ ಅದನ್ನು ಬಿಡಿಸುತ್ತದೆ. ಸಿಡಿಸಿ2 ಜೊತೆಗೆ ಸೈಕ್ಲಿನ್ ಅನ್ನುವ ಇನ್ನೊಂದು ಪ್ರೋಟೀನ್ ಬೇಕು, ಅದಿಲ್ಲದೆ ಈ ಕೈನೇಸ್ ನಡೆಯುವುದಿಲ್ಲ. ಅದನ್ನು ಕಡಲ ಅರ್ಚಿನ್ ಮೊಟ್ಟೆಗಳಲ್ಲಿ ಕಂಡವರು ಟಿಮ್ ಹಂಟ್. ನರ್ಸ್, ಹಂಟ್ ಇಬ್ಬರಿಗೂ, ಕೋಶ ವಿಭಜನೆಯನ್ನೇ ಅಧ್ಯಯನ ಮಾಡಿದ ಲೀಲ್ಯಾಂಡ್ ಹಾರ್ಟ್‌ವೆಲ್ ಅವರಿಗೂ ಸೇರಿ 2001ರಲ್ಲಿ ನೊಬೆಲ್ ಬಂತು.

ಸಿಡಿಸಿ2ಗೆ ಈಗ ಸಿಡಿಕೆ1 ಅಂತ ಹೆಸರು. ಅದರ ಬಳಗದ ಸಿಡಿಕೆ4, ಸಿಡಿಕೆ6 ಎರಡನ್ನೂ ತಡೆಯುವ ಪಾಲ್ಬೋಸಿಕ್ಲಿಬ್‌ಗೆ 2015ರಲ್ಲಿ ಅಮೆರಿಕದಲ್ಲಿ ಸ್ತನ ಕ್ಯಾನ್ಸರ್ ಔಷಧಿಯಾಗಿ ಅನುಮತಿ ಸಿಕ್ಕಿತು. ಆದರೆ ಕೋಶಕ್ಕೆ ತನ್ನ ಉದ್ದ ಸಾಕಾಯಿತು ಅಂತ ಹೇಗೆ ಗೊತ್ತಾಗುತ್ತದೆ ಅನ್ನುವ, ಆ ಪುಟ್ಟ ಕೋಶಗಳು ಎಬ್ಬಿಸಿದ ಪ್ರಶ್ನೆ ಪೂರ್ತಿ ಬಗೆಹರಿದಿಲ್ಲ. ಅದೇ ಯೀಸ್ಟ್ ಇಟ್ಟುಕೊಂಡು ಲ್ಯಾಬ್‌ಗಳು ಇನ್ನೂ ಅಳೆಯುತ್ತಿವೆ.