ಹುಬ್ಬಳ್ಳಿ–ಅಂಕೋಲಾ ರೈಲು: ಹತ್ತಿಯಿಂದ ಶುರುವಾದ ಕತೆ

ಯಲ್ಲಾಪುರದ ಕಡೆಯ ಘಟ್ಟದ ಕಾಡು ಹಾದು ಕರಾವಳಿಗೆ ಇಳಿಯಬೇಕಾದ, ಇನ್ನೂ ಆಗದ ಹುಬ್ಬಳ್ಳಿ–ಅಂಕೋಲಾ ರೈಲಿನ ಸುದ್ದಿ ಪೇಪರಿನಲ್ಲಿ ಬಂದಾಗೆಲ್ಲ ಎರಡೇ ಬಣ ಕಾಣುತ್ತವೆ. ಕಾಡು ಉಳಿಯಲಿ ಅನ್ನುವವರದ್ದು ಒಂದು, ರೈಲು ಬರಲಿ ಅನ್ನುವವರದ್ದು ಇನ್ನೊಂದು. ನಡುವೆ ವನ್ಯಜೀವಿ ಮಂಡಳಿ, ಹೈಕೋರ್ಟು, ಸಮೀಕ್ಷೆ, ಮತ್ತೆ ಮಂಡಳಿ. ಕಡತ ಈಗ ಯಾರ ಮೇಜಿನ ಮೇಲಿದೆ ಅಂತ ಹೇಳುವುದೇ ಕಷ್ಟ. 1990ರ ದಶಕದಲ್ಲಿ ಯೋಜನೆಗೆ ಮಂಜೂರಾತಿ ಸಿಕ್ಕಲ್ಲಿಂದ ಕತೆ ಹೇಳುವುದು ರೂಢಿ. ಆದರೆ ಈ ಘಟ್ಟ ಇಳಿದು ಕಡಲಿಗೆ ಹೋಗುವ ರೈಲಿನ ಆಸೆ ಅದಕ್ಕಿಂತ 130 ವರ್ಷ ಹಳೆಯದು. ಅದನ್ನು ಮೊದಲು ಜೋರಾಗಿ ಕೇಳಿದವರು ಯಲ್ಲಾಪುರದವರಲ್ಲ, ಮ್ಯಾಂಚೆಸ್ಟರಿನ ಗಿರಣಿ ಮಾಲೀಕರು.

ರೈಲಿನ ರುಚಿ ಅವರಿಗೆ ಮೊದಲೇ ಗೊತ್ತಿತ್ತು. 1830ರಲ್ಲಿ ಲಿವರ್‌ಪೂಲ್ ಬಂದರಿಗೂ ಮ್ಯಾಂಚೆಸ್ಟರ್ ಗಿರಣಿಗಳಿಗೂ ನಡುವೆ ರೈಲು ಓಡಿತು. ಆಮೇಲೆ ಇಲ್ಲೂ ಹಳಿ ಬಂತು: 1853ರಲ್ಲಿ ಬೊಂಬಾಯಿಯಿಂದ ಠಾಣೆಗೆ, 1856ರಲ್ಲಿ ಮದ್ರಾಸಿನ ರಾಯಪುರದಿಂದ ಆರ್ಕಾಟಿನ ಕಡೆಗೆ, 1864ರಲ್ಲಿ ಜೋಲಾರಪೇಟೆಯಿಂದ ನಮ್ಮ ಬೆಂಗಳೂರು ದಂಡಿಗೆ, ಅಂದರೆ ಸೈನ್ಯ ಇದ್ದ ಕಂಟೋನ್ಮೆಂಟಿಗೆ. ಊರಿಗಿಂತ ಮೊದಲು ದಂಡಿಗೆ ಯಾಕೆ ಅಂತ ಬೇರೆ ಹೇಳಬೇಕಿಲ್ಲ, ಅಲ್ವಾ?

ಇಷ್ಟು ಬೇಗ ಹಳಿ ಹಬ್ಬಲು ಹಣ ಎಲ್ಲಿಂದ ಬಂತು? ರೈಲು ಹಾಕಿದ್ದು ಲಂಡನ್ನಿನಲ್ಲಿ ಷೇರು ಮಾರಿದ ಖಾಸಗಿ ಕಂಪನಿಗಳು. ಹಾಕಿದ ದುಡ್ಡಿಗೆ ವರ್ಷಕ್ಕೆ ಶೇ 5ರಷ್ಟು ಲಾಭ ಖಾತರಿ ಅಂತ 1849ರಲ್ಲೇ ಒಪ್ಪಂದ ಆಗಿತ್ತು. ಗಳಿಕೆ ಅದಕ್ಕಿಂತ ಕಡಿಮೆ ಬಿದ್ದರೆ ಇಲ್ಲಿನ ಸರ್ಕಾರ ತನ್ನ ಬೊಕ್ಕಸದಿಂದ ತುಂಬಿಕೊಡಬೇಕು. ಭೂಮಿ ಪುಕ್ಕಟೆ. ಹೀಗಿರುವಾಗ ಖರ್ಚು ಹಿಡಿತದಲ್ಲಿಡುವ ಗರಜು ಯಾರಿಗಿರುತ್ತದೆ? ಅಂದಾಜಿಗಿಂತ ಎರಡು ಪಟ್ಟು ಖರ್ಚಾದ ದಾರಿಗಳು ಬೇಕಾದಷ್ಟಿವೆ. ಹಾಗಾಗಿ ಒಂದು ದಾರಿಗೆ ಖಾತರಿ ಸಿಕ್ಕಿತೋ ಇಲ್ಲವೋ ಅನ್ನುವುದರ ಮೇಲೇ ಅದರ ಹಣೆಬರಹ ನಿಂತಿತ್ತು.

ಈಗ ಧಾರವಾಡಕ್ಕೆ ಬರೋಣ. ಹುಬ್ಬಳ್ಳಿ, ಗದಗಿನ ಕರಿಮಣ್ಣಿನಲ್ಲಿ ಹತ್ತಿ ಮೊದಲಿನಿಂದಲೂ ಇತ್ತು. 1840ರ ದಶಕದಲ್ಲಿ ಅಲ್ಲಿನ ಅಧಿಕಾರಿಗಳು ಅಮೆರಿಕದ ಬೀಜವನ್ನೂ ತಂದು ಬಿತ್ತಿಸಿದರು. ಬೆಳೆಗೇನೂ ಕೊರತೆ ಇರಲಿಲ್ಲ, ಸಾಗಿಸುವುದೇ ಪಾಡು. ಅರಳೆಯನ್ನು ಅಂಡಿಗೆಗಳಲ್ಲಿ ತುರುಕಿ, ಎತ್ತಿನ ಮೇಲೋ ಗಾಡಿಯಲ್ಲೋ ಹೇರಿ, ಶಿರಸಿ ದಾಟಿ, ದೇವಿಮನೆ ಘಟ್ಟ ಇಳಿಸಿ ಕುಮಟಾಕ್ಕೆ ಒಯ್ಯಬೇಕು. ಅಲ್ಲಿ ದೊಡ್ಡ ಹಡಗು ದಡಕ್ಕೆ ಬರುವುದಿಲ್ಲ. ಪತ್ತೇಮಾರಿ ಅನ್ನುವ ಹಾಯಿದೋಣಿಗಳಲ್ಲಿ ತುಂಬಿ ಬೊಂಬಾಯಿಗೆ ಕಳಿಸಬೇಕು. ಅಲ್ಲಿ ಮತ್ತೆ ಬಿಚ್ಚಿ, ಪ್ರೆಸ್ಸಿನಲ್ಲಿ ಬಿಗಿಯಾಗಿ ಒತ್ತಿ, ಇಂಗ್ಲೆಂಡಿನ ಹಡಗಿಗೆ ಹಾಕಬೇಕು. ಧಾರವಾಡದ ಹತ್ತಿ ಪೇಟೆಯಲ್ಲಿ ‘ಕುಮಟಾ’ ಅಂತಲೇ ಹೆಸರಾಗಿದ್ದು ಹೀಗೆ.

ಕಾಲದ ಗಡಿಬಿಡಿ ಬೇರೆ. ಹತ್ತಿ ಬಿಡಿಸುವುದೇ ಬೇಸಿಗೆಯ ಹೊತ್ತಿಗೆ. ಮುಂಗಾರು ಹಿಡಿಯಿತೆಂದರೆ ಕುಮಟಾ ಬಾಗಿಲು ಹಾಕಿದ ಹಾಗೆ. ದಾರಿಯಲ್ಲಿ ಅಂಡಿಗೆಗೆ ಧೂಳು ಸೇರುತ್ತಿತ್ತು, ಮಳೆ ತಗಲುತ್ತಿತ್ತು, ಒಮ್ಮೊಮ್ಮೆ ತೂಕಕ್ಕೆಂದೇ ಹತ್ತಿಕಾಳೂ ನೀರೂ ಸೇರುತ್ತಿದ್ದವು. ಇಷ್ಟು ಕೈ ದಾಟುವ ಮಾಲಿನಲ್ಲಿ ಕಲಬೆರಕೆ ಯಾರದ್ದು ಅಂತ ಹಿಡಿಯುವುದು ಹೇಗೆ? 1863ರಲ್ಲಿ ಬೊಂಬಾಯಿ ಸರ್ಕಾರ ಇದಕ್ಕೇ ಒಂದು ಕಾಯ್ದೆ ಮಾಡಿತು. ಕಾಯ್ದೆ ಬಂತು, ರಸ್ತೆ ಮಾತ್ರ ನಿಧಾನಕ್ಕೆ ಬಂತು.

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಹತ್ತಿಕೊಂಡಿತು. ಅಲ್ಲಿನ ಹತ್ತಿ ನಿಂತಿತು, ಗಿರಣಿಗಳು ಮುಚ್ಚತೊಡಗಿದವು, ನಮ್ಮ ಹತ್ತಿಯ ಬೆಲೆ ಹಲವು ಪಟ್ಟು ಏರಿತು. ಮ್ಯಾಂಚೆಸ್ಟರಿನವರ ಕಣ್ಣು ಬಿದ್ದಿದ್ದು ಕಾರವಾರದ ಮೇಲೆ. ಗುಡ್ಡಗಳ ಮರೆಯಲ್ಲಿರುವ ಆಳದ ಕೊಲ್ಲಿ ಅದು, ಮಳೆಗಾಲದಲ್ಲೂ ಹಡಗು ನಿಲ್ಲಬಹುದು. ಹತ್ತಿಯನ್ನು ಅಲ್ಲಿಯೇ ಒತ್ತಿ ನೇರ ಲಿವರ್‌ಪೂಲಿಗೆ ಕಳಿಸಿದರೆ ಬೊಂಬಾಯಿಯ ದಲಾಲಿಗಳ ಕಾಟವೇ ಇರುವುದಿಲ್ಲ ಅನ್ನುವುದು ಅವರ ಲೆಕ್ಕ. ಆದರೆ ಕಾರವಾರ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು, ಧಾರವಾಡ ಬೊಂಬಾಯಿ ಪ್ರಾಂತ್ಯಕ್ಕೆ. ಘಟ್ಟದ ಮೇಲೊಬ್ಬ ದೊರೆ, ಕೆಳಗೊಬ್ಬ ದೊರೆ. ಒತ್ತಡ ಎಷ್ಟಿತ್ತೆಂದರೆ 1862ರಲ್ಲಿ ಉತ್ತರ ಕನ್ನಡವನ್ನೇ ಬೊಂಬಾಯಿಗೆ ವರ್ಗ ಮಾಡಿದರು. ಕುಂದಾಪುರ ಮಾತ್ರ ಮದ್ರಾಸಿನಲ್ಲೇ ಉಳಿಯಿತು. ಒಂದು ಬೆಳೆ ಸಾಗಿಸಲಿಕ್ಕೆ ಜಿಲ್ಲೆಯ ಗಡಿಯನ್ನೇ ಸರಿಸಿದ ಉದಾಹರಣೆ ಇದು.

ಮ್ಯಾಂಚೆಸ್ಟರಿನವರ ಒಂದು ಕಂಪನಿ ಕಾರವಾರದ ಪಕ್ಕದ ಸದಾಶಿವಗಡಕ್ಕೆ ಪ್ರೆಸ್ಸಿನ ಯಂತ್ರಗಳನ್ನೂ ಕಳಿಸಿತು. ಯಂತ್ರ ಬಂದಾಗ ಘಟ್ಟದ ರಸ್ತೆ ಮುಗಿದಿರಲಿಲ್ಲ, ಸರಕು ಇಳಿಸಲು ಸರಿಯಾದ ಧಕ್ಕೆಯೂ ಇರಲಿಲ್ಲ. ಕೆಲವೇ ವರ್ಷಗಳಲ್ಲಿ ಕಂಪನಿ ಗಂಟುಮೂಟೆ ಕಟ್ಟಿತು. 1864ರಲ್ಲಿ ಕಾರವಾರದ ಎದುರಿನ ದೇವಗಡ ದ್ವೀಪದ ಮೇಲೆ ದೀಪಸ್ತಂಭ ಬಂತು, 1865ರಲ್ಲಿ ಯುದ್ಧ ಮುಗಿಯಿತು, ಹತ್ತಿ ಬೆಲೆ ಬಿತ್ತು. ಅದೇ ಕಾಲಕ್ಕೆ ಅತ್ತ ಬೊಂಬಾಯಿಯ ರೈಲು ಕಂಪನಿ ಪುಣೆ ದಾರಿಯ ಭೋರ್ ಘಾಟಿನಲ್ಲಿ 25 ಸುರಂಗ ಕೊರೆದು 1863ರಲ್ಲೇ ಘಟ್ಟ ಹತ್ತಿತ್ತು. ಆ ಕೆಲಸಕ್ಕೆ ಒಂದು ಹಂತದಲ್ಲಿ 40 ಸಾವಿರಕ್ಕೂ ಹೆಚ್ಚು ಕೂಲಿಗಳಿದ್ದರು. ಕಾಲರಾಕ್ಕೆ ಸತ್ತವರು ಬಹಳ. ಅಂದರೆ ಘಟ್ಟ ಹತ್ತುವ ವಿದ್ಯೆ ಗೊತ್ತಿತ್ತು. ಕಾರವಾರಕ್ಕೆ ಸಿಗದಿದ್ದು ಆ ಶೇ 5ರ ಭರವಸೆ.

ಕಾರವಾರದಿಂದ ಹುಬ್ಬಳ್ಳಿ, ಗದಗ ದಾಟಿ ಬಳ್ಳಾರಿವರೆಗೆ ಹಳಿ ಎಂಬ ಮಾತು 1870ರ ದಶಕದಲ್ಲೂ ನಡೆಯುತ್ತಲೇ ಇತ್ತು. ಅಷ್ಟರಲ್ಲಿ 1876–78ರ ಬರ ಬಂತು. ಬರದ ನಂತರ ಈ ಭಾಗಕ್ಕೆ ರೈಲು ಬೇಕೇಬೇಕು ಅಂತಾಯಿತು. ಆದರೆ ಕಡಲಿಗೆ ಇಳಿಯುವ ದಾರಿ ಗೋವಾದ ಪಾಲಾಯಿತು. ಬ್ರಿಟಿಷರಿಗೂ ಪೋರ್ಚುಗೀಸರಿಗೂ 1878ರಲ್ಲಿ ಒಪ್ಪಂದವಾಗಿ, ಪೋರ್ಚುಗೀಸ್ ಸರ್ಕಾರವೇ ಲಾಭದ ಖಾತರಿ ಕೊಟ್ಟು, 1888ರ ಹೊತ್ತಿಗೆ ಮೀಟರ್ ಗೇಜ್ ಹಳಿ ಮರ್ಮಗೋವಾ ಬಂದರಿನಿಂದ ಘಟ್ಟದ ಮೇಲಿನ ಕ್ಯಾಸಲ್‌ರಾಕ್ ಮುಟ್ಟಿತು. ಹುಬ್ಬಳ್ಳಿಯ ಹತ್ತಿ ಆ ಕಡೆ ತಿರುಗಿತು. ಕುಮಟಾದ ವ್ಯಾಪಾರ ಇಳಿಯಿತು, ಕಾರವಾರದ್ದು ಏಳಲೇ ಇಲ್ಲ.

ಮುಂದಿನ ನೂರು ವರ್ಷ ಮನವಿ, ಭರವಸೆ, ಮರೆವು. 1998ರಲ್ಲಿ ಕೊಂಕಣ ರೈಲು ಪೂರ್ತಿಯಾಗಿ ಕರಾವಳಿ ಉದ್ದಕ್ಕೂ ರೈಲು ಕಂಡಿತು, ಘಟ್ಟದ ಮೇಲಕ್ಕಲ್ಲ. 160 ಚಿಲ್ಲರೆ ಕಿಲೋಮೀಟರಿನ ಹುಬ್ಬಳ್ಳಿ–ಅಂಕೋಲಾ ಯೋಜನೆ ಹೊಸದಾಗಿ ಬಂದಾಗ ಹತ್ತಿಯ ಜಾಗದಲ್ಲಿ ಬಳ್ಳಾರಿ–ಹೊಸಪೇಟೆಯ ಅದಿರು ಕೂತಿತ್ತು. 2010ರಲ್ಲಿ ರಾಜ್ಯ ಸರ್ಕಾರ ಅದಿರು ರಫ್ತು ನಿಲ್ಲಿಸಿತು. ಇತ್ತ ಸುಮಾರು 600 ಹೆಕ್ಟೇರ್ ಕಾಡು, 2 ಲಕ್ಷಕ್ಕೂ ಜಾಸ್ತಿ ಮರ ಹೋಗುತ್ತದೆ ಅನ್ನುವ ಲೆಕ್ಕ ಹೊರಬಿತ್ತು. 2020ರ ಮಾರ್ಚ್‌ನಲ್ಲಿ ರಾಜ್ಯ ವನ್ಯಜೀವಿ ಮಂಡಳಿ ಹೂಂ ಅಂದ ಮೇಲೆ ವಿಷಯ ಹೈಕೋರ್ಟಿಗೆ ಹೋಯಿತು.

ಪರ–ವಿರೋಧದವರಿಬ್ಬರೂ ಸಾಮಾನ್ಯವಾಗಿ ಸರಕಿನ ಲೆಕ್ಕದ ಮೇಲೇ ವಾದ ಮಾಡುತ್ತಾರೆ. 2021ರ ಜುಲೈ ಮಳೆಗೆ ಯಲ್ಲಾಪುರ–ಅಂಕೋಲಾ ನಡುವಿನ ಅರಬೈಲು ಘಟ್ಟದಲ್ಲಿ ಗುಡ್ಡ ಕುಸಿದು ಹೆದ್ದಾರಿ ಬಂದ್ ಆದಾಗ ಸುತ್ತು ಬಳಸಿ ಓಡಾಡಿದವರು ಮಾತ್ರ ಅದಿರಿನ ಬಗ್ಗೆ ಕೇಳಲಿಲ್ಲ. ಯಲ್ಲಾಪುರದವರು ರೈಲು ಹಿಡಿಯಬೇಕೆಂದರೆ ಈಗಲೂ ಹುಬ್ಬಳ್ಳಿಗೋ ಅಂಕೋಲಾಕ್ಕೋ ಬಸ್ಸಿನಲ್ಲೇ ಹೋಗಬೇಕು. ಘಟ್ಟದಲ್ಲಿ ದಿನಕ್ಕೆ ಎಷ್ಟು ಪ್ಯಾಸೆಂಜರ್ ಗಾಡಿ ಓಡುತ್ತದೆ, ಎಲ್ಲೆಲ್ಲಿ ನಿಲ್ಲುತ್ತದೆ ಅನ್ನುವುದನ್ನು ಮರಗಳ ಲೆಕ್ಕದ ಪಕ್ಕದಲ್ಲೇ ಬರೆದಿಟ್ಟರೆ, ಚರ್ಚೆ ಮಾಡುವವರಿಗೂ ಸುಲಭ.