ಕರೆಂಟು ಹೋದಾಗ ಕಚೇರಿಯ ಒಂದು ಫೋನನ್ನಾದರೂ ಉಳಿಸಿಕೊಳ್ಳುವುದು ಹೇಗೆ?

ಪ್ರಶ್ನೆ: ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ನಮ್ಮದೊಂದು ಸಣ್ಣ ಕಾರ್ಖಾನೆಯಿದೆ. ಕಚೇರಿಯಲ್ಲಿ ಎರಡು ಹೊರಲೈನು, ಹನ್ನೆರಡು ಎಕ್ಸ್‌ಟೆನ್ಷನ್ನುಗಳ ಇಪಿಎಬಿಎಕ್ಸ್ (ಹೊರಲೈನುಗಳನ್ನು ಒಳಗಿನ ಫೋನುಗಳಿಗೆ ಹಂಚುವ ಪೆಟ್ಟಿಗೆ) ಇದೆ. ಏಪ್ರಿಲ್, ಮೇ ತಿಂಗಳ ಗಾಳಿಮಳೆಗೆ ಕರೆಂಟು ಹೋಗಿ ಯುಪಿಎಸ್ಸೂ ಖಾಲಿಯಾದರೆ ಎಲ್ಲ ಫೋನುಗಳೂ ಒಮ್ಮೆಗೇ ನಿಲ್ಲುತ್ತವೆ. ಮನೆಯ ಹಳೆಯ ಲ್ಯಾಂಡ್‌ಲೈನಿಗೆ ಈ ತೊಂದರೆ ಇರಲಿಲ್ಲವಲ್ಲ, ಏಕೆ?

ಉತ್ತರ: ಮನೆಯ ಹಳೆಯ ಫೋನು ನಿಮ್ಮ ಮನೆಯ ಕರೆಂಟನ್ನು ಬಳಸುತ್ತಲೇ ಇರಲಿಲ್ಲ. ದೂರವಾಣಿ ವಿನಿಮಯ ಕೇಂದ್ರದ ಬ್ಯಾಟರಿಗಳಿಂದ ಸುಮಾರು 48 ವೋಲ್ಟ್ ಡಿ.ಸಿ. ಆ ಜೋಡಿ ತಾಮ್ರದ ತಂತಿಯಲ್ಲೇ ಹರಿದು ಬರುತ್ತಿತ್ತು. ಮಾತನಾಡಲು ಬೇಕಾಗುವ ಇಪ್ಪತ್ತು–ಮೂವತ್ತು ಮಿಲಿಆಂಪಿಯರ್ ಅದರಿಂದಲೇ ಸಿಗುತ್ತಿತ್ತು. ಕಚೇರಿಯಲ್ಲಾದರೋ ಹೊರಲೈನು ಇಪಿಎಬಿಎಕ್ಸ್ ಪೆಟ್ಟಿಗೆಯಲ್ಲಿ ಕೊನೆಗೊಳ್ಳುತ್ತದೆ. ಅಲ್ಲಿಂದಾಚೆಗೆ ಮೇಜುಮೇಜಿನ ಫೋನಿಗೂ ವಿದ್ಯುತ್ತು ಕೊಡುವುದು ಆ ಪೆಟ್ಟಿಗೆಯೇ ಆದ್ದರಿಂದ, ಅದು ನಿಂತಾಗ ಹೊರಲೈನಿಗೆ ಜೀವವಿದ್ದರೂ ನಿಮ್ಮ ಕೈಗೆ ಎಟುಕುವುದಿಲ್ಲ.

ಇದಕ್ಕೆ ಪರಿಹಾರವೆಂದರೆ ತಂತ್ರಜ್ಞರು ‘ಪವರ್ ಫೇಲ್ಯೂರ್ ಟ್ರಾನ್ಸ್‌ಫರ್’ ಎನ್ನುವ ಏರ್ಪಾಡು. ಪೆಟ್ಟಿಗೆಗೆ ಕರೆಂಟು ಇರುವವರೆಗೆ ಒಂದು ರಿಲೇ, ಅಂದರೆ ವಿದ್ಯುತ್ತಿನಿಂದ ನಡೆಯುವ ಸ್ವಿಚ್ಚು, ತನ್ನ ಅಯಸ್ಕಾಂತ ಸುರುಳಿಯ ಬಲದಿಂದ ಎಳೆದುಕೊಂಡೇ ಇರುತ್ತದೆ. ಕರೆಂಟು ಹೋದ ಕ್ಷಣ ಸ್ಪ್ರಿಂಗ್ ಅದನ್ನು ಹಿಂದಕ್ಕೆ ತಳ್ಳಿ, ಹೊರಲೈನನ್ನು ಪೆಟ್ಟಿಗೆಯಿಂದ ಬಿಡಿಸಿ ನಿಗದಿಯಾದ ಒಂದು ಫೋನಿಗೆ ನೇರವಾಗಿ ಜೋಡಿಸುತ್ತದೆ. ಅನೇಕ ಇಪಿಎಬಿಎಕ್ಸ್‌ಗಳಲ್ಲಿ ಇದು ಮೊದಲೇ ಇರುತ್ತದೆ, ಆದರೆ ಯಾವ ಲೈನಿಗೆ ಯಾವ ಎಕ್ಸ್‌ಟೆನ್ಷನ್ ಎಂಬುದು ಕೈಪಿಡಿಯಲ್ಲಿ ಹೇಳಿದ ಜೋಡಿಗೆ ಮಾತ್ರ ಸೀಮಿತ. ಇಲ್ಲದಿದ್ದರೆ ಹೊರಗೊಂದು ರಿಲೇ ಪೆಟ್ಟಿಗೆ ಹಾಕಿಸಬಹುದು. ಅದರ ಸುರುಳಿಗೆ ಗೋಡೆಯ ಸಾಕೆಟ್ಟಿನಿಂದ ಕರೆಂಟು ಕೊಡಿಸಬೇಡಿ. ಹಾಗೆ ಮಾಡಿದರೆ ಯುಪಿಎಸ್ ಮೇಲೆ ಇಪಿಎಬಿಎಕ್ಸ್ ಚೆನ್ನಾಗಿಯೇ ನಡೆಯುತ್ತಿರುವಾಗಲೂ ಲೈನು ಅದರ ಕೈತಪ್ಪುತ್ತದೆ. ಯುಪಿಎಸ್ ದಾಟಿದ ಮೇಲೆ, ಇಪಿಎಬಿಎಕ್ಸ್‌ಗೆ ಹೋಗುವ ವಿದ್ಯುತ್ತಿನಿಂದಲೇ ಅದು ನಡೆಯಬೇಕು.

ಇಲ್ಲಿ ಇಡುವ ಫೋನು ತೀರಾ ಸಾದಾ ಇರಬೇಕು. ಇಪಿಎಬಿಎಕ್ಸ್‌ಗೆಂದೇ ಮಾಡಿದ ಡಿಜಿಟಲ್ ಕೀಫೋನು ಹೊರಲೈನಿನ ಭಾಷೆಯನ್ನೇ ಅರಿಯದು. ಕಾರ್ಡ್‌ಲೆಸ್ ಫೋನಿನ ಬೇಸ್‌ಗೆ ಮತ್ತೆ ಗೋಡೆಯ ಕರೆಂಟೇ ಬೇಕು. ಮಂಡ್ಯದ ಒಂದು ಕಚೇರಿಯಲ್ಲಿ ರಿಲೇ ಸರಿಯಾಗಿಯೇ ಹಾಕಿಸಿ, ಅದರ ತುದಿಗೆ ಕಾರ್ಡ್‌ಲೆಸ್ ಇಟ್ಟುಬಂದ ಜಾಣತನ ನನ್ನದೂ ಹೌದು. ಪೆಟ್ಟಿಗೆಯ ಸ್ವಿಚ್ಚನ್ನು ಆರಿಸಿ ನೋಡಿದ್ದರೆ ಅಂದೇ ತಿಳಿಯುತ್ತಿತ್ತು: ಆರಿಸಿದೊಡನೆ ‘ಟಿಕ್’ ಎಂಬ ಸಣ್ಣ ಸದ್ದು, ರಿಸೀವರ್ ಎತ್ತಿದರೆ ಹೊರಲೈನಿನ ಡಯಲ್ ಟೋನ್. ಎರಡೂ ಆದ ಮೇಲೆಯೇ ತಂತ್ರಜ್ಞರನ್ನು ಕಳುಹಿಸಿಕೊಡಿ. ಇನ್ನೊಂದು ಮಾತು, ಆಗ ಹೊರಲೈನು ಹಿಡಿಯಲೆಂದು ಮೊದಲು 0 ಒತ್ತುವ ಅಭ್ಯಾಸವನ್ನು ಬಿಡಬೇಕು. ಲೈನು ನೇರವಾಗಿರುವುದರಿಂದ ಆ ಸೊನ್ನೆಯೂ ಸಂಖ್ಯೆಯ ಭಾಗವಾಗಿಬಿಡುತ್ತದೆ. ಫೋನಿನ ಮೇಲೆ ಒಂದು ಚೀಟಿ ಅಂಟಿಸುವುದು ಲೇಸು.

ಇಷ್ಟೆಲ್ಲ ತಾಮ್ರದ ಲೈನಿನ ಮಾತಾಯಿತು. ನಿಮ್ಮದು ಫೈಬರ್ ಆಗಿದ್ದರೆ ಗಾಜಿನ ಎಳೆಯಲ್ಲಿ ವಿದ್ಯುತ್ತು ಬರುವುದಿಲ್ಲ; ಬೆಳಕಿನ ಸಂಕೇತವನ್ನು ಫೋನಿಗೆ ತಕ್ಕಂತೆ ಬದಲಿಸುವ, ಗೋಡೆಯ ಮೇಲಿನ ಒಎನ್‌ಟಿ ಪೆಟ್ಟಿಗೆ ಆರಿದರೆ ಫೋನೂ ಆರಿತು. ಆದರೂ ರಿಲೇ ವ್ಯರ್ಥವಲ್ಲ. ಇಪಿಎಬಿಎಕ್ಸ್‌ನ ಹೊರಲೈನು ಒಎನ್‌ಟಿಯ ಫೋನ್ ಪೋರ್ಟಿನಿಂದ ಬರುತ್ತಿದ್ದರೆ, ಒಎನ್‌ಟಿಗೆ ಮಾತ್ರ ಬೇರೆಯದೇ ಚಿಕ್ಕ ಯುಪಿಎಸ್ ಕೊಡಿ. ದೊಡ್ಡ ಪೆಟ್ಟಿಗೆ ನಿಂತರೂ ರಿಲೇ ಮೂಲಕ ಆ ಒಂದು ಫೋನು ನಡೆಯುತ್ತದೆ. 12 ವೋಲ್ಟ್, 7 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಲೆಕ್ಕಕ್ಕೆ 84 ವಾಟ್-ಅವರ್ ಇರುತ್ತದೆ, 12 ವಾಟಿನ ಒಎನ್‌ಟಿಗೆ ಏಳು ಗಂಟೆ. ಆದರೆ ಅದನ್ನು ಕಂಪ್ಯೂಟರಿನ ಯುಪಿಎಸ್ ಮೂಲಕ 230 ವೋಲ್ಟಿಗೆ ಏರಿಸಿ ಮತ್ತೆ 12ಕ್ಕೆ ಇಳಿಸುವಷ್ಟರಲ್ಲಿ ಸಾಕಷ್ಟು ಸೋರಿಹೋಗುತ್ತದೆ. ಒಎನ್‌ಟಿಗೆ ನೇರವಾಗಿ 12 ವೋಲ್ಟ್ ಕೊಡುವ ಡಿ.ಸಿ. ಯುಪಿಎಸ್ಸನ್ನೇ ಕೇಳಿ ತನ್ನಿ. ಪಿಆರ್‌ಐ ಅಥವಾ ಸಿಪ್ ಟ್ರಂಕ್ (ಹಲವು ಕರೆಗಳನ್ನು ಒಂದೇ ಡಿಜಿಟಲ್ ಅಥವಾ ಇಂಟರ್ನೆಟ್ ಸಂಪರ್ಕದಲ್ಲಿ ತರುವ ಲೈನು) ಇರುವಲ್ಲಿ ಈ ರಿಲೇ ಕೆಲಸಕ್ಕೆ ಬಾರದು. ಅಲ್ಲಿ ಸೇವೆ ಕೊಡುವವರ ಕಡೆಯಿಂದಲೇ ಕರೆಗಳು ಒಂದು ಮೊಬೈಲಿಗೆ ತಿರುಗುವಂತೆ ಮಾಡಿಸುವುದೇ ಸರಿ.