ಲಾರಿ ಡೋರ್ ಕೂರುತ್ತಿಲ್ಲವಾ? ಹಿಂಜ್ ಬಿಡಿ, ಮೊದಲು ಟೇಪ್ ಹಿಡಿಯಿರಿ

ಕಂಟೇನರ್ ಬಾಡಿ ಲಾರಿ ನಮ್ಮ ಶೆಡ್ಡಿಗೆ ಬಂದರೆ ಡ್ರೈವರ್ ಬಾಯಲ್ಲಿ ಬರುವ ಮಾತು ಹೆಚ್ಚಾಗಿ ಒಂದೇ. "ಅಣ್ಣಾ, ಹಿಂದಿನ ಡೋರ್ ಕೂರ್ತಿಲ್ಲ, ಹಿಂಜ್ ಚೇಂಜ್ ಮಾಡ್ಬಿಡಿ." ನಾನು ಹಿಂಜ್ ಮುಟ್ಟುವುದಿಲ್ಲ. ಗಾಡಿಯನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಲು ಹೇಳಿ, ಟೇಪ್ ತೆಗೆದು ಡೋರ್ ಫ್ರೇಮಿನ ಮೂಲೆಯಿಂದ ಮೂಲೆಗೆ ಅಡ್ಡ ಅಳೆಯುತ್ತೇನೆ. ಎರಡೂ ಅಳತೆ ಒಂದೇ ಬರಬೇಕು. ನನ್ನ ಲೆಕ್ಕದಲ್ಲಿ 5 ಮಿ.ಮೀ. ವ್ಯತ್ಯಾಸದ ತನಕ ಪರವಾಗಿಲ್ಲ, ಅದಕ್ಕಿಂತ ಜಾಸ್ತಿ ಇದ್ದರೆ ಫ್ರೇಮೇ ವಾಲಿದೆ ಅಂತ ಅರ್ಥ. ಆಮೇಲೆ ಎಂಥ ಹಿಂಜ್ ಹಾಕಿದರೂ ದಂಡ.

ಹೋದ ಮಳೆಗಾಲದಲ್ಲಿ ಶಿರಾಡಿ ಘಾಟಿಯಲ್ಲಿ ದಿನಾ ಓಡಾಡುವ ಒಂದು ಗಾಡಿ ಬಂತು. ಬೇರೆ ಕಡೆ ಎರಡು ಸಲ ಹಿಂಜ್ ಬದಲಾಯಿಸಿದ್ದರು. ಅಳೆದರೆ 14 ಮಿ.ಮೀ. ವ್ಯತ್ಯಾಸ! ಕೆಳಗೆ ನುಗ್ಗಿ ನೋಡಿದೆ. ಬಾಡಿಯನ್ನು ಚಾಸಿಗೆ ಕಟ್ಟಿದ ಯು-ಬೋಲ್ಟ್ ಎಡಗಡೆ ಸಡಿಲ, ಹಿಂದಿನ ಮೂಲೆಯ ವೆಲ್ಡಿಂಗ್ ಬಿರುಕು. ಘಾಟಿ ತಿರುವಿನಲ್ಲಿ ಬಾಡಿ ಪ್ರತಿ ಸಲ ತಿರುಚುತ್ತಿತ್ತು. ಫ್ರೇಮ್ ನೇರ ಮಾಡಿ, ಬೋಲ್ಟ್ ಬಿಗಿದು, ಮೂಲೆಗೆ ಪಟ್ಟಿ ಕೊಟ್ಟೆವು. ಅದೇ ಹಿಂಜ್, ಅದೇ ಲಾಕ್, ಡೋರ್ ಒಂದೇ ಕೈಗೆ ಮುಚ್ಚಿಕೊಂಡಿತು. ಎರಡು ಸಲ ಸುಮ್ನೆ ದುಡ್ಡು ಕೊಟ್ಟೆನಲ್ಲ ಅಂತ ಓನರ್ ಮುಖ ಸಣ್ಣದಾಯಿತು.

ಈಗ ಸಾಮಾನಿನ ವಿಷಯ. ಅಂಗಡಿಯಲ್ಲಿ ಡೋರ್ ಬಿಗಿಯುವ ಲಾಕ್ ರಾಡ್ ಎಲ್ಲಾ ಬೆಳ್ಳಗೆ ಒಂದೇ ಥರ ಹೊಳೆಯುತ್ತವೆ, ಅದಕ್ಕೇ ಮೋಸ ಹೋಗುವುದು. ಬರೀ ಜಿಂಕ್ (ಸತು) ಪ್ಲೇಟಿಂಗ್ ಆದರೆ ಮೇಲಿನ ಪದರ 5ರಿಂದ 12 ಮೈಕ್ರಾನ್ (ಮಿ.ಮೀ.ನ ಸಾವಿರದ ಒಂದು ಪಾಲು ಒಂದು ಮೈಕ್ರಾನ್) ಇರುತ್ತದೆ ಅಷ್ಟೇ. ಕರಗಿದ ಸತುವಿನಲ್ಲಿ ಮುಳುಗಿಸಿ ತೆಗೆದದ್ದಾದರೆ 45 ಮೈಕ್ರಾನಿಗಿಂತ ಜಾಸ್ತಿ, ನೋಡಲು ಮಾತ್ರ ಸ್ವಲ್ಪ ಮಂಕು, ಒರಟು. ಮಂಗಳೂರು, ಕಾರವಾರದ ಉಪ್ಪು ಗಾಳಿಯಲ್ಲಿ ಓಡುವ ಗಾಡಿಗೆ ಈ ಮಂಕು ಮಾಲೇ ಬೇಕು. ಸ್ಟೇನ್‌ಲೆಸ್ ಸ್ಟೀಲ್ ಬೇಕೇ ಬೇಕು ಅನ್ನುವವರು 304 ಗ್ರೇಡಿನ ಬದಲು 316 ಗ್ರೇಡ್ ಕೇಳಿ. ಆದರೆ ಅಲ್ಯೂಮಿನಿಯಂ ಬಾಡಿಗೆ ಸ್ಟೀಲ್ ಬೋಲ್ಟ್ ಹಾಕುವಾಗ ನಡುವೆ ನೈಲಾನ್ ವಾಷರ್ ಇಡದಿದ್ದರೆ ಉಪ್ಪು ನೀರು ಸೇರಿ ಬೋಲ್ಟ್ ಸುತ್ತಲಿನ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಉದುರುತ್ತದೆ.

ಸತು ಲೇಪಿಸಿದ ಹಿಂಜ್ ವೆಲ್ಡ್ ಮಾಡುವ ಮೊದಲು ಆ ಜಾಗದ ಸತು ಉಜ್ಜಿ ತೆಗೆಯಬೇಕು. ಆ ಬಿಳಿ ಹೊಗೆ ಕುಡಿದ ವೆಲ್ಡರ್‌ಗೆ ಸಂಜೆ ಚಳಿಜ್ವರ ಬರುವುದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ವೆಲ್ಡ್ ಆದ ಮೇಲೆ ಜಿಂಕ್ ಪ್ರೈಮರ್ ಬಳಿಯಿರಿ, ಇಲ್ಲದಿದ್ದರೆ ತುಕ್ಕು ಶುರುವಾಗುವುದೇ ಅಲ್ಲಿಂದ. ಇನ್ನೊಂದು, 2020ರ ಏಪ್ರಿಲ್ ನಂತರದ ಬಿಎಸ್-6 (ಹೊಸ ಹೊಗೆ ನಿಯಮದ) ಗಾಡಿಗಳಲ್ಲಿ ಬ್ಯಾಟರಿ ಟರ್ಮಿನಲ್ ಬಿಚ್ಚದೆ ವೆಲ್ಡಿಂಗ್ ಶುರು ಮಾಡಬೇಡಿ. ಇಸಿಎಂ, ಅಂದರೆ ಇಂಜಿನ್ ನಡೆಸುವ ಕಂಪ್ಯೂಟರ್ ಹೋದರೆ ಡೋರಿಗಿಂತ ದೊಡ್ಡ ಬಿಲ್ಲು. ವೆಲ್ಡಿಂಗ್ ಮಷೀನಿನ ಅರ್ತ್ ಕ್ಲಾಂಪನ್ನು (ಕರೆಂಟ್ ವಾಪಸ್ ಹೋಗುವ ವೈರಿನ ಕ್ಲಿಪ್) ವೆಲ್ಡ್ ಪಕ್ಕದಲ್ಲೇ ಕಚ್ಚಿಸಿ. ದೂರ ಕಚ್ಚಿಸಿದರೆ ಕರೆಂಟ್ ಹಿಂಜ್ ಪಿನ್ ಮೂಲಕ ಹಾಯ್ದು ಪಿನ್ ಸುಟ್ಟುಕೊಂಡು ಕೂರುತ್ತದೆ.

ಡೋರ್ ಅಂಚಿನ ರಬ್ಬರ್ ಪಟ್ಟಿ, ಅಂದರೆ ಬೀಡಿಂಗ್ ವಿಷಯದಲ್ಲಿ ಒಂದು ಜಗಳ ನನಗೆ ತಪ್ಪಿದ್ದಲ್ಲ. ಡೋರ್ ಬಿಗಿಯಾಯಿತು ಅಂತ ಡ್ರೈವರ್‌ಗಳು ಇಂಜಿನ್ನಿನ ಹಳೇ ಆಯಿಲ್ ತಂದು ಬೀಡಿಂಗಿಗೆ ಸವರುತ್ತಾರೆ. ಒಳ್ಳೆಯ ಬೀಡಿಂಗ್ ಇಪಿಡಿಎಂ ಅನ್ನುವ ಕೃತಕ ರಬ್ಬರಿನದು. ಬಿಸಿಲು ಮಳೆ ತಡೆಯುತ್ತದೆ, ಆಯಿಲ್ ಮಾತ್ರ ಅದಕ್ಕೆ ಆಗುವುದಿಲ್ಲ. ಹೀರಿಕೊಂಡು ನೆನೆದ ಕಡಲೆ ಥರ ಊದಿ, ಕೊನೆಗೆ ಬೆರಳಿಗೆ ಅಂಟಿ ಬರುತ್ತದೆ. ಊದಿದ ಮೇಲೆ ಡೋರ್ ಇನ್ನೂ ಬಿಗಿ. ಆಗ ಹ್ಯಾಂಡಲಿಗೆ ಪೈಪ್ ಸಿಕ್ಕಿಸಿ ಎಳೆಯುತ್ತಾರೆ, ರಾಡ್ ತುದಿಯಲ್ಲಿ ಕಚ್ಚಿಕೊಳ್ಳುವ ಕ್ಯಾಮ್ ಬಾಗುತ್ತದೆ, ಆಮೇಲೆ ನಮ್ಮ ಹತ್ತಿರ ಬಂದು "ಲಾಕ್ ಡೂಪ್ಲಿಕೇಟ್ ಕೊಟ್ರಿ ಅಣ್ಣಾ" ಅನ್ನುತ್ತಾರೆ. ಬೀಡಿಂಗಿಗೆ ಸೋಪ್ ನೀರಲ್ಲಿ ಒರೆಸಿ ಸಿಲಿಕಾನ್ ಸ್ಪ್ರೇ ಹೊಡೆದರೆ ಸಾಕು. ಗ್ರೀಸ್ ಇರುವುದು ಹಿಂಜ್ ಪಿನ್ನಿಗೆ ಮತ್ತು ರಾಡ್ ತಿರುಗುವ ಬ್ರಾಕೆಟಿಗೆ. ಅದನ್ನು ಮಳೆಗಾಲಕ್ಕೆ ಮುಂಚೆ ಒಂದು ಸಲ, ಮುಗಿದ ಮೇಲೆ ಒಂದು ಸಲ ಹಾಕಿ.

ನೀರು ಒಳಗೆ ಬರುತ್ತದಾ ಅಂತ ನೋಡಲು ನಾವು ಮಧ್ಯಾಹ್ನದ ಬಿಸಿಲಲ್ಲಿ ಹುಡುಗನನ್ನು ಒಳಗೆ ಬಿಟ್ಟು ಡೋರ್ ಮುಚ್ಚುತ್ತೇವೆ. ಹ್ಯಾಂಡಲ್ ಹಿಡಿದು ಒಬ್ಬ ಹೊರಗೆ ನಿಂತೇ ಇರುತ್ತಾನೆ. ಬೆಳಕು ಕಂಡ ಕಡೆ ಹುಡುಗ ಒಳಗಿನಿಂದ ಚಾಕ್‌ಪೀಸಲ್ಲಿ ಗೆರೆ ಎಳೆಯುತ್ತಾನೆ. ಹೆಚ್ಚಾಗಿ ಗೆರೆ ಬೀಳುವುದು ಕೆಳಗಿನ ಎರಡು ಮೂಲೆಯಲ್ಲೇ.